ತೆರೆಯ ಮೇಲಿನ ಬೇಟೆ

ಗ್ಯಾಲಪಗೋಸ್ ದ್ವೀಪಸಮೂಹದ ಫರ್ನಾಂಡಿನಾ ದ್ವೀಪದಲ್ಲಿ ಕಡಲ ಇಗುವಾನಾಗಳ ಮೊಟ್ಟೆಗಳು ಮರಳಿನಡಿಯಲ್ಲಿ ಒಡೆಯುತ್ತವೆ. ಹೊರಬಂದ ಮರಿ ಬಯಲು ದಾಟಿ, ದೊಡ್ಡ ಇಗುವಾನಾಗಳು ಗುಂಪುಗೂಡಿರುವ ಕಡಲಂಚಿನ ಬಂಡೆಗಳನ್ನು ಸೇರಬೇಕು. ದಾರಿಯ ಪಕ್ಕದ ಕಲ್ಲಿನ ಬಿರುಕುಗಳಲ್ಲಿ ರೇಸರ್ ಜಾತಿಯ ಹಾವುಗಳು ಕಾದಿರುತ್ತವೆ. ಇವುಗಳ ದೃಷ್ಟಿ ಅಷ್ಟೇನೂ ಚುರುಕಲ್ಲ. ಬೇಟೆ ಅಲುಗಾಡಿದರೆ ಮಾತ್ರ ಗುರುತು ಹತ್ತುತ್ತದೆ. 2016ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಪ್ಲಾನೆಟ್ ಅರ್ಥ್ 2’ ಸರಣಿಯ ಮೊದಲ ಕಂತಿನಲ್ಲಿ ಒಂದು ಮರಿ ಹಾವಿನ ಮಗ್ಗುಲಲ್ಲೇ ಕಲ್ಲಿನಂತೆ ನಿಲ್ಲುತ್ತದೆ, ಆಮೇಲೆ ಓಟ ಕೀಳುತ್ತದೆ, ಹಾವುಗಳ ಸುರುಳಿಯಲ್ಲಿ ಸಿಕ್ಕಿ ನುಸುಳಿ ಪಾರಾಗುತ್ತದೆ. ಇನ್ನೊಂದಕ್ಕೆ ಆ ಅದೃಷ್ಟ ಇಲ್ಲ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ವೀಕ್ಷಕರು ವರ್ಷದ ಮರೆಯಲಾಗದ ದೃಶ್ಯವೆಂದು ಆರಿಸಿದ್ದು ಇದನ್ನೇ. ಜೀವವೊಂದು ಪ್ರಾಣಭಯದಿಂದ ಓಡುವುದನ್ನು ಸೋಫಾದಲ್ಲಿ ಕುಳಿತು ಸವಿಯುವುದು ಎಂಥ ನೋಟ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರಶ್ನೆ ಹಳೆಯದು, ಅದಕ್ಕೆ ಹೊಸ ತೀಕ್ಷ್ಣತೆ ತಂದಿರುವುದು ತಂತ್ರಜ್ಞಾನ. 2006ರ ‘ಪ್ಲಾನೆಟ್ ಅರ್ಥ್’ ಬಿಬಿಸಿ ಹೈ ಡೆಫಿನಿಷನ್‌ನಲ್ಲಿ ತಯಾರಿಸಿದ ಮೊದಲ ನಿಸರ್ಗ ಸರಣಿ. ಹೆಲಿಕಾಪ್ಟರ್ ಅದುರಿದರೂ ಚಿತ್ರ ಅದುರದಂತೆ ಕಾಯುವ ಕ್ಯಾಮೆರಾ ಬಂದದ್ದರಿಂದ, ಆಫ್ರಿಕಾದ ಕಾಡುನಾಯಿಗಳ ಬೇಟೆಯನ್ನು ಮೊದಲಿಂದ ಕೊನೆಯವರೆಗೆ ಆಕಾಶದಿಂದ ಹಿಂಬಾಲಿಸಲು ಸಾಧ್ಯವಾಯಿತು. ಪೂರ್ಣ ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿದ್ದರೆ, 4ಕೆ ಚಿತ್ರದಲ್ಲಿ 80 ಲಕ್ಷಕ್ಕೂ ಹೆಚ್ಚು. ಹುಲಿಯ ಮೀಸೆಯ ಬುಡದಲ್ಲಿ ಕೂತ ನೊಣವೂ ಕಾಣುತ್ತದೆ. ಹಿಂದಿನವರಿಗೆ ಹುಲಿಯನ್ನು ಇಷ್ಟು ಹತ್ತಿರದಿಂದ ನೋಡಬೇಕಿದ್ದರೆ ಅದು ಸತ್ತಿರಬೇಕಿತ್ತು, ಇಲ್ಲವೇ ನೋಡುವವನು ಸಾಯಲು ತಯಾರಿರಬೇಕಿತ್ತು. ಹತ್ತಿರ ಹೋಗದೆ ಹತ್ತಿರವಿರುವ ಈ ಸ್ಥಿತಿಗೆ ಹಳೆಯ ತತ್ತ್ವಶಾಸ್ತ್ರದಲ್ಲಿ ಸಿದ್ಧ ಹೆಸರಿಲ್ಲ.

ಆದರೂ ಥಟ್ಟನೆ ನೆನಪಾಗುವ ಒಂದು ಚಿತ್ರವಿದೆ. ಋಗ್ವೇದದಲ್ಲಿ ಕಾಣಿಸಿಕೊಂಡು ಮುಂಡಕ ಮತ್ತು ಶ್ವೇತಾಶ್ವತರ ಉಪನಿಷತ್ತುಗಳಲ್ಲಿ ಮತ್ತೆ ಬರುವ ಎರಡು ಹಕ್ಕಿಗಳ ಚಿತ್ರ ಅದು. ಒಂದೇ ಮರದ ಮೇಲೆ ಕುಳಿತ ಜೊತೆಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ತಿನ್ನುವುದು ಭೋಕ್ತೃವಾದ ಜೀವ, ನೋಡುವುದು ಸಾಕ್ಷಿ. ಟಿ.ವಿ. ಮುಂದೆ ಕುಳಿತವನಿಗೆ ತಾನು ಎರಡನೆಯ ಹಕ್ಕಿ ಎನಿಸುವುದು ಸಹಜ. ಅವನು ಯಾರನ್ನೂ ಕೊಲ್ಲುತ್ತಿಲ್ಲ, ಯಾರ ಪಕ್ಷವನ್ನೂ ವಹಿಸುತ್ತಿಲ್ಲ. ಹುಟ್ಟು, ಬೇಟೆ, ಸಾವು ಅವನೆದುರು ಹಾದುಹೋಗುತ್ತವೆ.

ಈ ಹೋಲಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದ್ವೈತದಲ್ಲಿ ಸಾಕ್ಷಿಗೆ ಸುಖದುಃಖಗಳು ಅಂಟುವುದಿಲ್ಲ; ನೋಟದಿಂದ ಅದಕ್ಕೆ ಏನೂ ಬೇಕಾಗಿಲ್ಲ. ಪ್ರೇಕ್ಷಕನಿಗಾದರೋ ಬೇಕು. ಬೇಟೆ ತಡವಾದರೆ ಬೇಸರ ಬರುತ್ತದೆ, ಕೈ ರಿಮೋಟ್ ಕಡೆಗೆ ಹೋಗುತ್ತದೆ. ಹಾಗಾಗಿ ಅವನೂ ಹಣ್ಣು ತಿನ್ನುವ ಹಕ್ಕಿಯೇ. ಅವನು ತಿನ್ನುತ್ತಿರುವ ಹಣ್ಣಿನ ಹೆಸರು ರಸ.

ರಸವೆಂದರೆ ಕೀಳಲ್ಲ. ಪ್ರಾಣಿಯ ಭಯ ನೋಡುವವನಿಗೆ ಆಸ್ವಾದವಾಗುವುದು ಹೇಗೆ ಎಂಬುದನ್ನು ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಬಿಡಿಸಿ ಹೇಳಿದ್ದಾನೆ. ಅದಕ್ಕೆ ಅವನು ಆರಿಸಿಕೊಂಡ ಉದಾಹರಣೆಯೂ ಒಂದು ಬೇಟೆಯೇ: ಕಾಳಿದಾಸನ ಶಾಕುಂತಲದ ಮೊದಲಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ. ಅದು ಕತ್ತು ತಿರುಗಿಸಿ ಹಿಂದೆ ನೋಡುತ್ತ, ಬಾಣದ ಹೆದರಿಕೆಗೆ ಹಿಂಭಾಗವನ್ನು ಮುಂದಕ್ಕೆ ಸೆಳೆದುಕೊಂಡು ನೆಗೆಯುತ್ತದೆ. ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಯಾವ ಕ್ಯಾಮೆರಾಮನ್ನನಾದರೂ ಅಸೂಯೆಪಡುವ ವಿವರ ಇದು. ಸಹೃದಯ ಇಲ್ಲಿ ‘ನನಗೆ ಭಯ’ ಎಂದುಕೊಳ್ಳುವುದಿಲ್ಲ, ‘ಆ ಜಿಂಕೆಗೆ ಭಯ’ ಎಂದೂ ದೂರ ನಿಲ್ಲುವುದಿಲ್ಲ ಎನ್ನುತ್ತಾನೆ ಅಭಿನವಗುಪ್ತ. ದೇಶ, ಕಾಲ, ವ್ಯಕ್ತಿಗಳ ಕಟ್ಟು ಕಳಚಿ ಭಯವೆಂಬ ಭಾವವೊಂದೇ ಕಣ್ಣೆದುರು ನಿಲ್ಲುತ್ತದೆ. ಇದಕ್ಕೆ ಸಾಧಾರಣೀಕರಣವೆಂದು ಹೆಸರು. ಇಗುವಾನಾದ ಓಟ ನೋಡಿದವರಿಗೆ ಆಗಿದ್ದೂ ಬಹುಮಟ್ಟಿಗೆ ಇದೇ.

ಆದರೆ ಕಾಳಿದಾಸನ ಜಿಂಕೆಗೆ ರಕ್ತವಿರಲಿಲ್ಲ. ನಾಟಕ ನಾಟಕವೆಂದು ನಟನಿಗೂ ಗೊತ್ತು, ನೋಡುವವನಿಗೂ ಗೊತ್ತು. ಆ ಒಪ್ಪಂದದ ಮೇಲೆಯೇ ರಸ ನಿಂತಿದೆ. ನಿಸರ್ಗದ ಸಾಕ್ಷ್ಯಚಿತ್ರ ಈ ಒಪ್ಪಂದ ಮಾಡಿಕೊಳ್ಳುವುದಿಲ್ಲ. ತಾನು ತೋರಿಸಿದ್ದು ನಡೆದದ್ದು ಎಂದು ಅದು ಹೇಳುತ್ತದೆ, ಆದರೆ ನಾಟಕದ ಎಲ್ಲ ಉಪಾಯಗಳನ್ನೂ ಬಳಸುತ್ತದೆ. ಇಗುವಾನಾದ ದೃಶ್ಯ ಒಂದೇ ಮರಿಯ ಓಟವಲ್ಲ, ಬೇರೆ ಬೇರೆ ಮರಿಗಳ ತುಣುಕುಗಳನ್ನು ಜೋಡಿಸಿದ್ದು ಎಂದು ಅದರ ನಿರ್ಮಾಪಕರೇ ಮುಂದೆ ತಿಳಿಸಿದರು. 2011ರ ‘ಫ್ರೋಜನ್ ಪ್ಲಾನೆಟ್’ನಲ್ಲಿ ಹಿಮದ ಗುಹೆಯೊಳಗಿನ ಹಿಮಕರಡಿ ಮರಿಗಳನ್ನು ಚಿತ್ರೀಕರಿಸಿದ್ದು ಯುರೋಪಿನ ಮೃಗಾಲಯವೊಂದರಲ್ಲಿ, ವಿಷಯ ಹೊರಬಿದ್ದಾಗ ಬ್ರಿಟನ್ನಿನಲ್ಲಿ ಗದ್ದಲವಾಯಿತು. ದೂರದಿಂದ ಹಿಡಿದ ಚಿತ್ರಕ್ಕೆ ಹತ್ತಿರದ ಸದ್ದು ಸಿಗುವುದಿಲ್ಲವಾದ್ದರಿಂದ, ಹಿಮದ ಮೇಲಿನ ಹೆಜ್ಜೆಯ ಕರಕರ, ಎಲುಬು ಮುರಿಯುವ ಸಪ್ಪಳ ಮೊದಲಾದವನ್ನು ಹೆಚ್ಚಾಗಿ ಸ್ಟುಡಿಯೋದಲ್ಲಿ ಮಾಡಿ ಸೇರಿಸುತ್ತಾರೆ. ಇದೆಲ್ಲ ಮೋಸವೆಂದರೆ ಅತಿಯಾದೀತು. 1958ರ ಡಿಸ್ನಿ ಚಿತ್ರ ‘ವೈಟ್ ವೈಲ್ಡರ್‌ನೆಸ್’ಗಾಗಿ ಲೆಮ್ಮಿಂಗ್‌ಗಳೆಂಬ ಇಲಿಜಾತಿಯ ಪ್ರಾಣಿಗಳನ್ನು ಬಂಡೆಯಂಚಿನಿಂದ ಬೀಳುವಂತೆ ಮಾಡಿ, ಅವು ತಾವಾಗಿ ಸಾಯಲು ಹೊರಟಂತೆ ತೋರಿಸಿದ್ದು ಮೋಸ. ಜೋಡಣೆಯೇ ಬೇರೆ, ಅದೇ ಬೇರೆ. ಆದರೂ ಜೋಡಣೆಯಿಂದ ಏಳುವ ಪ್ರಶ್ನೆ ಉಳಿಯುತ್ತದೆ: ಹಲವು ಮರಿಗಳು ಸೇರಿ ಒಂದಾದ ಆ ಮರಿ ಯಾವ ಲೋಕದ್ದು?

ಭಾರತೀಯ ಪ್ರಮಾಣಶಾಸ್ತ್ರದ ಒಂದು ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ, ನಂಬಿಕಸ್ಥನ ಮಾತಿನಿಂದ ತಿಳಿದದ್ದು ಶಬ್ದ. ತೆರೆಯ ಮೇಲೆ ಕಾಣುವುದು ಇಷ್ಟೇ: ಒಂದು ಚಿರತೆ ಹುಲ್ಲಿನಲ್ಲಿ ನಡೆಯುತ್ತಿದೆ. ಅದು ತಾಯಿ, ಹಲವು ದಿನಗಳಿಂದ ಉಪವಾಸವಿದೆ, ಈ ಬೇಟೆ ತಪ್ಪಿದರೆ ಮರಿಗಳು ಬದುಕಲಾರವು ಎಂಬುದೆಲ್ಲ ನಿರೂಪಕನ ಮಾತಿನಿಂದ ಬಂದದ್ದು. 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟರು. ಹುಲಿ, ಆನೆ, ನೀರುನಾಯಿಗಳು ಎರಡರಲ್ಲೂ ಅವೇ. ಕೇಳುಗನ ಮನಸ್ಸಿನಲ್ಲಿ ಎದ್ದು ಬರುವ ಕಾಡು ಮಾತ್ರ ಒಂದೇ ಆಗಿರಲಾರದು. ಚಿತ್ರ ಸ್ಪಷ್ಟವಾದಷ್ಟೂ ನೋಡುವವನು ಎಲ್ಲವನ್ನೂ ಪ್ರತ್ಯಕ್ಷದ ಖಾತೆಗೆ ಬರೆದುಕೊಳ್ಳುತ್ತಾನೆ. ಹೈ ಡೆಫಿನಿಷನ್‌ನ ನಿಜವಾದ ಮಾಯೆ ಇದು. ಮೀಸೆಯ ಕೂದಲು ಇಷ್ಟು ನಿಖರವಾಗಿ ಕಾಣುವಾಗ ಹಸಿವಿನ ಲೆಕ್ಕವೂ ನಿಖರವೇ ಎನಿಸಿಬಿಡುತ್ತದೆ.

ಇನ್ನು ಹಿಂಸೆಯ ಪ್ರಶ್ನೆ. ಬೇಟೆಯ ದೃಶ್ಯ ಕಂಡ ಆಸ್ತಿಕನಿಗೆ ಏಳುವ ಸಂಶಯವನ್ನು ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದ. ಜೀವಂತ ಕಂಬಳಿಹುಳುವಿನ ಒಡಲನ್ನು ಒಳಗಿಂದಲೇ ತಿಂದು ಬೆಳೆಯುವ ಇಕ್ನ್ಯೂಮನ್ ಕಣಜಗಳನ್ನು ಕರುಣಾಳುವಾದ ಸರ್ವಶಕ್ತನೊಬ್ಬ ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದು ಎಂಬುದು ಅದರ ತಾತ್ಪರ್ಯ. ಸೃಷ್ಟಿಯ ಸೊಬಗನ್ನು ತೋರಿಸುವಾಗ ದೇವರ ಹೆಸರೆತ್ತುವುದಿಲ್ಲವೇಕೆ ಎಂದು ಕೇಳಿದವರಿಗೆ ಅಟೆನ್‌ಬರೋ ಕೊಡುತ್ತ ಬಂದ ಉತ್ತರವೂ ಇದೇ ಜಾಡಿನದು. ಆಕ್ಷೇಪಿಸುವವರು ಝೇಂಕಾರದ ಹಕ್ಕಿಯನ್ನೂ ಆರ್ಕಿಡ್ ಹೂವನ್ನೂ ನೆನೆಯುತ್ತಾರೆ, ತನಗೆ ನೆನಪಾಗುವುದು ಆಫ್ರಿಕಾದ ಹೊಳೆದಂಡೆಯ ಮಗುವಿನ ಕಣ್ಣು ಕೊರೆದು ಕುರುಡಾಗಿಸುವ ಹುಳು ಎನ್ನುತ್ತಾರೆ ಅವರು.

ವೇದಾಂತದಲ್ಲಿ ಈ ಸಂಶಯಕ್ಕೆ ಮೀಸಲಾದ ಜಾಗವೇ ಇದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದ ಇದನ್ನು ವೈಷಮ್ಯ ಮತ್ತು ನೈರ್ಘೃಣ್ಯವೆಂದು ಗುರುತಿಸುತ್ತದೆ: ಒಬ್ಬರಿಗೆ ಸುಖ ಇನ್ನೊಬ್ಬರಿಗೆ ದುಃಖ ಕೊಟ್ಟರೆ ಈಶ್ವರ ಪಕ್ಷಪಾತಿ, ಎಲ್ಲರನ್ನೂ ಸಂಹರಿಸಿದರೆ ನಿರ್ದಯಿ. ಶಂಕರರ ಸಮಾಧಾನ ಮಳೆಯ ದೃಷ್ಟಾಂತದ್ದು. ಮಳೆ ಎಲ್ಲ ಬೀಜಗಳಿಗೂ ಒಂದೇ, ಭತ್ತ ಭತ್ತವಾಗುವುದೂ ಜವೆಗೋದಿ ಜವೆಗೋದಿಯಾಗುವುದೂ ಬೀಜದಿಂದ. ಹಾಗೆಯೇ ಜೀವಿಗಳ ಏರುಪೇರಿಗೆ ಕಾರಣ ಅವುಗಳ ಕರ್ಮ. ಸಂಸಾರ ಅನಾದಿಯಾದ್ದರಿಂದ ಮೊದಲ ಕರ್ಮ ಯಾವುದೆಂಬ ಪ್ರಶ್ನೆಯೂ ನಿಲ್ಲುವುದಿಲ್ಲ. ಪ್ರಾಣಿಜನ್ಮ ಭೋಗಕ್ಕಷ್ಟೇ, ಹೊಸ ಪಾಪಪುಣ್ಯ ಗಳಿಸಲು ಅಲ್ಲ ಎಂಬ ಸಾಂಪ್ರದಾಯಿಕ ನಿಲುವನ್ನು ಇದಕ್ಕೆ ಸೇರಿಸಿದರೆ, ಹಾವಿಗೆ ಪಾಪವಿಲ್ಲ, ಇಗುವಾನಾಕ್ಕೆ ಅನ್ಯಾಯವಿಲ್ಲ. ತರ್ಕವಾಗಿ ಇದು ಡಾರ್ವಿನ್ ಎದುರಿಸಿದ ದೇವತಾವಾದಕ್ಕಿಂತ ಗಟ್ಟಿ. ಆದರೆ ಸಿಕ್ಕಿಬಿದ್ದ ಮರಿಯ ಕಣ್ಣನ್ನು ತೆರೆಯ ತುಂಬ ಕಂಡವನಿಗೆ ‘ಅದರ ಕರ್ಮ’ ಎನ್ನಲು ನಾಲಿಗೆ ಹೊರಳದೆ ಹೋದರೆ ಅವನನ್ನು ದೂರುವಂತಿಲ್ಲ.

ನೋಡಿದವನು ಏನು ಮಾಡಬೇಕು ಎಂಬಲ್ಲಿ ಪರಂಪರೆ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕ್ರೌಂಚದ ಜೋಡಿಯಲ್ಲಿ ಒಂದು ಬೇಡನ ಬಾಣಕ್ಕೆ ಬಿದ್ದದ್ದನ್ನು ಕಂಡ ವಾಲ್ಮೀಕಿ ಶಪಿಸಿದ. ಆದಿಕಾವ್ಯ ಹುಟ್ಟಿದ್ದು ಪಕ್ಷ ವಹಿಸಿದ ನೋಟದಿಂದ. ಅಶ್ವಘೋಷನ ಬುದ್ಧಚರಿತದಲ್ಲಿ ರಾಜಕುಮಾರ ಸಿದ್ಧಾರ್ಥ ಉಳುತ್ತಿರುವ ಹೊಲ ನೋಡುತ್ತಾನೆ. ಕಿತ್ತ ಹುಲ್ಲು, ನೇಗಿಲಿಗೆ ಸಿಕ್ಕು ಸತ್ತ ಹುಳುಗಳು, ಬಿಸಿಲಿಗೆ ಬಣ್ಣಗೆಟ್ಟ ರೈತರು, ಏದುಸಿರು ಬಿಡುವ ಎತ್ತುಗಳು ಕಣ್ಣಿಗೆ ಬೀಳುತ್ತವೆ. ತನ್ನವರೇ ಸತ್ತಂತೆ ಮರುಗಿ, ಕುದುರೆಯಿಂದಿಳಿದು, ಜಂಬೂವೃಕ್ಷದ ಕೆಳಗೆ ಧ್ಯಾನಕ್ಕೆ ಕೂರುತ್ತಾನೆ. ಆರ್ಯಶೂರನ ಜಾತಕಮಾಲೆಯ ಮೊದಲ ಕಥೆ ಇನ್ನೂ ಮುಂದೆ ಹೋಗುತ್ತದೆ. ಹಸಿವಿಗೆ ತನ್ನ ಮರಿಗಳನ್ನೇ ತಿನ್ನಲು ಹೊರಟ ಹೆಣ್ಣುಹುಲಿಯನ್ನು ಕಂಡ ಬೋಧಿಸತ್ವ, ಆಹಾರ ಹುಡುಕಿಕೊಂಡು ಬಾ ಎಂದು ಶಿಷ್ಯ ಅಜಿತನನ್ನು ಆಚೆ ಕಳಿಸಿ, ತಾನೇ ಕೆಳಗೆ ಹಾರುತ್ತಾನೆ. ಸಾಕ್ಷಿಯಾಗಿ ಯಾರೂ ಇರಬಾರದೆಂಬಂತೆ ಶಿಷ್ಯನನ್ನು ಸಾಗಹಾಕಿದ್ದು ಗಮನಿಸಬೇಕಾದ ಸಂಗತಿ.

ಕ್ಯಾಮೆರಾ ಹಿಡಿದವರ ಧರ್ಮ ಇದಕ್ಕೆ ವಿರುದ್ಧ: ಕೈ ಹಾಕಕೂಡದು. ಒಂದನ್ನು ಉಳಿಸಿದರೆ ಇನ್ನೊಂದರ ಊಟ ಕಸಿದಂತೆ. 2018ರ ‘ಡೈನಾಸ್ಟೀಸ್’ ಸರಣಿಗಾಗಿ ಅಂಟಾರ್ಕ್ಟಿಕದಲ್ಲಿ ಚಿತ್ರೀಕರಿಸುತ್ತಿದ್ದ ತಂಡ ಈ ನಿಯಮ ಮೀರಿತು. ಎಂಪರರ್ ಪೆಂಗ್ವಿನ್‌ಗಳು ಮರಿಗಳ ಸಮೇತ ಹಿಮದ ಕಮರಿಯಲ್ಲಿ ಸಿಕ್ಕಿಕೊಂಡು ಮೇಲೆ ಹತ್ತಲಾಗದೆ ಸಾಯತೊಡಗಿದ್ದವು. ತಂಡದವರು ಹಿಮ ಅಗೆದು ಇಳಿಜಾರು ದಾರಿ ಮಾಡಿ ಸರಿದು ನಿಂತರು, ಹಕ್ಕಿಗಳು ತಾವೇ ಹತ್ತಿ ಬಂದವು. ಯಾವ ಬೇಟೆಗಾರ ಪ್ರಾಣಿಯ ಊಟವೂ ತಪ್ಪಲಿಲ್ಲ, ಹೀಗಾಗಿ ಮೀರಿದ್ದು ಸರಿ ಎಂಬುದು ಅವರ ಸಮರ್ಥನೆಯ ತಿರುಳು. ವಾದ ಒಪ್ಪುವಂಥದ್ದೇ. ಆದರೆ ಅಗೆಯುವ ತೀರ್ಮಾನ ಈ ಲೆಕ್ಕದಿಂದ ಹುಟ್ಟಿತೋ, ಲೆಕ್ಕ ಆಮೇಲೆ ಬಂತೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ಸಂಭವನೀಯ.

ಕನ್ನಡದ ಪ್ರೇಕ್ಷಕನ ವಿಷಯದಲ್ಲಿ ಇನ್ನೊಂದು ಎಳೆ ಇದೆ. ಅವನಿಗೆ ಮೊದಲು ಪರಿಚಯವಾದ ಹುಲಿ ಗೋವಿನ ಹಾಡಿನದು. ಕೊಟ್ಟ ಮಾತು ಉಳಿಸಿಕೊಂಡು ಮರಳಿ ಬಂದ ಪುಣ್ಯಕೋಟಿಯನ್ನು ತಿನ್ನಲಾರದೆ ಪ್ರಾಣ ಬಿಟ್ಟ ಆ ಹುಲಿಗೆ ಆತ್ಮಸಾಕ್ಷಿಯಿತ್ತು, ಹಸಿವನ್ನು ಮೀರುವ ಸಾಧ್ಯತೆಯಿತ್ತು. ತೆರೆಯ ಹುಲಿಗೆ ಅದಿಲ್ಲ. ಆದರೆ ಸಾಕ್ಷ್ಯಚಿತ್ರವೂ ನೀತಿಯ ಲೆಕ್ಕ ಕೈಬಿಟ್ಟಿಲ್ಲ. ಹುಲಿಗೆ ಅದು ಮರಿಗಳ ನೆಪ ಕೊಡುತ್ತದೆ. ಕಥೆ ಹುಲಿಮರಿಗಳಿಂದ ಶುರುವಾದರೆ ನೋಡುವವನು ಬೇಟೆ ಸಿಗಲೆಂದು ಬಯಸುತ್ತಾನೆ, ಜಿಂಕೆಮರಿಯಿಂದ ಶುರುವಾದರೆ ತಪ್ಪಲೆಂದು. ಪುಣ್ಯಕೋಟಿಯ ಹಾಡಿನಲ್ಲಿ ಹಸುವಿನ ಕರು ಮಾಡಿದ ಕೆಲಸವನ್ನೇ ಇಲ್ಲಿ ಯಾವುದಾದರೊಂದು ಮರಿ ಮಾಡುತ್ತದೆ.

ಕೊನೆಯದಾಗಿ, ಈ ನೋಟ ಒಮ್ಮುಖವಾದದ್ದು. ದೇವಸ್ಥಾನದಲ್ಲಿ ಭಕ್ತ ದೇವರನ್ನು ನೋಡುವಷ್ಟೇ ದೇವರು ಭಕ್ತನನ್ನು ನೋಡುತ್ತಾನೆಂಬ ನಂಬಿಕೆಯಿದೆ. ದರ್ಶನಕ್ಕೆ ಎರಡು ಜೊತೆ ಕಣ್ಣು ಬೇಕು. ಕಾಡಿನಲ್ಲೂ ಹಾಗೆಯೇ. ಹುಲಿಯೇರಿದ ಮಲೆ ಮಹದೇಶ್ವರನನ್ನು ಪೂಜಿಸುವ ಸೀಮೆಯಲ್ಲಿ, ತುಳುನಾಡಿನ ಪಿಲಿಚಾಮುಂಡಿಯ ಮುಂದೆ, ಹುಲಿ ಬರೀ ನೋಡಿಸಿಕೊಳ್ಳುವ ವಸ್ತುವಲ್ಲ, ತಿರುಗಿ ನೋಡಿ ಲೆಕ್ಕ ಕೇಳುವ ಶಕ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಇರುವ ಕಾಡಿನಲ್ಲೇ ಬಾಳಿದವರು. 2011ರಲ್ಲಿ ಆ ಹುಲಿ ರಕ್ಷಿತಾರಣ್ಯದೊಳಗೆ ಅವರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಸಾಕ್ಷ್ಯಚಿತ್ರಗಳ ಕಾಡಿನಲ್ಲಿ ಇಂಥವರು ಕಾಣುವುದು ಅಪರೂಪ. ಮನುಷ್ಯನೇ ಇಲ್ಲದ ಕಾಡು ಕಣ್ಣಿಗೆ ಪವಿತ್ರವಾಗಿ ಕಾಣುತ್ತದೆ, ಆದರೆ ಆ ಪಾವಿತ್ರ್ಯ ಚೌಕಟ್ಟಿನಿಂದ ಬಂದದ್ದು.

‘ಪ್ಲಾನೆಟ್ ಅರ್ಥ್’ನ ಪ್ರತಿ ಕಂತಿನ ಕೊನೆಗೆ ಸುಮಾರು ಹತ್ತು ನಿಮಿಷ, ದೃಶ್ಯವನ್ನು ಹಿಡಿದ ಬಗೆಯನ್ನು ತೋರಿಸುವ ಭಾಗವಿದೆ. ಮರೆಯಲ್ಲಿ ವಾರಗಟ್ಟಲೆ ಕಾದವರು, ಚಳಿಗೆ ಮರಗಟ್ಟಿದ ಬೆರಳುಗಳು, ಏನೂ ಸಿಗದೆ ಮರಳಿದ ದಿನಗಳು ಅಲ್ಲಿ ಕಾಣುತ್ತವೆ. ಕ್ಯಾಮೆರಾದ ಹಿಂದೆ ನಿಂತು ನೋಡುವವನೂ ತೆರೆಯ ಮೇಲೆ ಬರುವ ಏಕೈಕ ಜಾಗ ಅದು. ಅದನ್ನು ಕೊನೆಗಿಡುವ ಬದಲು ಮೊದಲಿಗಿಟ್ಟಿದ್ದರೆ, ಮುಂದಿನ ಐವತ್ತು ನಿಮಿಷದ ಬೇಟೆಯನ್ನು ತಾನು ಯಾರ ಕಣ್ಣಿನಿಂದ, ಯಾರ ಆಯ್ಕೆಯಿಂದ ನೋಡುತ್ತಿದ್ದೇನೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತಿತ್ತು.