ಬೀದಿಯ ಹೆಸರುಗಳನ್ನು ಬಚ್ಚಿಟ್ಟವನು

ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಇರುವುದು ಒಂದು ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೇಲಿನಿಂದ ಸಾಲಾಗಿ ಇಳಿಬಿಟ್ಟಿರುವ ಬೀದಿಯ ನಾಮಫಲಕಗಳು. ಅಲ್ಲಲ್ಲಿ ಬಣ್ಣ ಎದ್ದುಹೋಗಿದೆ, ಅಂಚು ಮುಕ್ಕಾಗಿದೆ. ಆ ಹೆಸರಿನ ಬೀದಿಗಳಲ್ಲಿ ಹೆಚ್ಚಿನವು ಇಂದು ಇಲ್ಲ.

1867ರಲ್ಲಿ ನಗರದ ಆರನೇ ವಿಭಾಗವೆಂದು ಹೆಸರು ಪಡೆದ ಪೇಟೆ ಅದು. ಬಿಡುಗಡೆಯಾದ ಗುಲಾಮರ ವಂಶದವರು, ಬಂದರಿನ ಕೂಲಿಗಳು, ದರ್ಜಿಗಳು, ವಲಸೆ ಬಂದ ವ್ಯಾಪಾರಿಗಳು ಮಸೀದಿ, ಚರ್ಚುಗಳ ಸುತ್ತ ಒತ್ತೊತ್ತಾಗಿ ಬದುಕಿದ್ದರು. 1966ರ ಫೆಬ್ರವರಿ 11ರಂದು ಸರ್ಕಾರ ಅದನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. 1980ರ ದಶಕದ ಆರಂಭದ ಹೊತ್ತಿಗೆ 60,000ಕ್ಕೂ ಹೆಚ್ಚು ಜನರನ್ನು ಊರಾಚೆಯ ಕೇಪ್ ಫ್ಲ್ಯಾಟ್ಸ್‌ನ ಮರಳು ಬಯಲಿಗೆ ಸಾಗಿಸಿ, ಮನೆಗಳ ಮೇಲೆ ಬುಲ್ಡೋಜರ್ ಹಾಯಿಸಲಾಗಿತ್ತು. ದೇವರ ಮನೆಗಳನ್ನು ಮಾತ್ರ ಮುಟ್ಟಲಿಲ್ಲ. ಮನುಷ್ಯರಿಗಿಂತ ದೇವರಿಗೆ ಹೆದರುವ ಸರ್ಕಾರಗಳು ಎಲ್ಲ ಕಡೆಯೂ ಇರುತ್ತವೆ.

ಈ ಫಲಕಗಳು ಉಳಿದದ್ದು ಹೇಗೆ? ಉಳಿಸಿದ್ದು ಚಳವಳಿಗಾರರಲ್ಲ, ಇತಿಹಾಸಕಾರರೂ ಅಲ್ಲ. ಕೆಡವುವ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದ ಒಬ್ಬ ಬಿಳಿಯ. ಸಮುದ್ರಕ್ಕೆ ಎಸೆಯಬೇಕಿದ್ದ ಫಲಕಗಳಲ್ಲಿ ಸುಮಾರು 75ನ್ನು ಆತ ಮನೆಗೆ ಒಯ್ದು ಇಟ್ಟುಕೊಂಡ. ವರ್ಣಭೇದ ನೀತಿ ಮುಗಿಯುವ ಕಾಲಕ್ಕೆ ಅವು ಮ್ಯೂಸಿಯಂ ಕಟ್ಟುತ್ತಿದ್ದವರ ಕೈಸೇರಿದವು. 1994ರ ಡಿಸೆಂಬರಿನಲ್ಲಿ ಮ್ಯೂಸಿಯಂ ತೆರೆದಾಗ ಮೊದಲ ಪ್ರದರ್ಶನ ಆ ಬೀದಿಗಳ ಕುರಿತೇ ಇತ್ತು.

ಸಾಮಾನ್ಯ ಜನರ ಚರಿತ್ರೆಯನ್ನು ಓದುವ ನನ್ನಂಥವರಿಗೆ ಈ ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂಬುದೇ ಕಗ್ಗಂಟು. ನಾವು ‘ಸಾಮಾನ್ಯ ಜನ’ ಎಂದಾಗ ಮನಸ್ಸಿನಲ್ಲಿ ಬರುವುದು ಮನೆ ಕಳೆದುಕೊಂಡವರು. ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರು. ಆದರೆ ದಿನಗೂಲಿಗೆ ಗೋಡೆ ಒಡೆದವನೂ, ಅವನ ಮೇಸ್ತ್ರಿಯೂ ಸಾಮಾನ್ಯರೇ. ಸಾಮಾನ್ಯ ಎಂಬ ಮಾತಿನೊಳಗೆ ನಿರಪರಾಧಿ ಎಂಬ ಅರ್ಥವನ್ನು ನಾವು ಸದ್ದಿಲ್ಲದೆ ಸೇರಿಸಿಬಿಟ್ಟಿದ್ದೇವೆ. ಈ ಸಮೀಕರಣ ನನಗೆ ಒಪ್ಪಿಗೆಯಿಲ್ಲ.

ಅವನ ಪರವಾಗಿ ಒಂದು ವಾದ ಸುಲಭವಾಗಿ ಸಿಗುತ್ತದೆ: ಅವನು ಕೆಲಸ ಬಿಟ್ಟಿದ್ದರೂ ಪೇಟೆ ಉಳಿಯುತ್ತಿರಲಿಲ್ಲ, ಬೇರೊಬ್ಬ ಬರುತ್ತಿದ್ದ, ಆ ಬೇರೊಬ್ಬ ಫಲಕಗಳನ್ನು ಸಮುದ್ರಕ್ಕೆ ಹಾಕುತ್ತಿದ್ದ. ಹಾಗಾಗಿ ಇವನು ಅಲ್ಲಿದ್ದದ್ದೇ ಒಳಿತಾಯಿತಲ್ಲ! ಹನ್ನಾ ಅರೆಂಟ್ ಸರ್ವಾಧಿಕಾರದಲ್ಲಿ ವೈಯಕ್ತಿಕ ಹೊಣೆಯ ಬಗ್ಗೆ ಬರೆಯುತ್ತ ಇಂಥ ತರ್ಕವನ್ನೇ ಶಂಕಿಸಿದಳು. ಕಡಿಮೆ ಕೇಡನ್ನು ಆರಿಸಿಕೊಂಡವರು ತಾವು ಆರಿಸಿದ್ದು ಕೇಡನ್ನೇ ಎಂಬುದನ್ನು ಬೇಗ ಮರೆಯುತ್ತಾರೆ ಎಂಬುದು ಅವಳ ಎಚ್ಚರಿಕೆ. ಅವಳ ಮಾತು ಇಲ್ಲಿ ಪೂರ್ತಿ ಹೊಂದುವುದಿಲ್ಲ ಅನ್ನಿಸುತ್ತದೆ. ಮರೆಯುವವನು ಅಂಥ ಭಾರದ ಸಾಮಾನನ್ನು ವರ್ಷಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುತ್ತಾನೆಯೇ?

ಇಟ್ಟುಕೊಂಡದ್ದು ಪಶ್ಚಾತ್ತಾಪದಿಂದಲೋ, ಹಳೆಯ ಸಾಮಾನು ಕೂಡಿಡುವ ಚಟದಿಂದಲೋ ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನನ್ನನ್ನು ಕಾಡುವುದು ಬಚ್ಚಿಟ್ಟದ್ದಕ್ಕೂ ಒಪ್ಪಿಸಿದ್ದಕ್ಕೂ ನಡುವಿನ ವರ್ಷಗಳು. ಆ ಬೀದಿಯಲ್ಲಿ ಹುಟ್ಟಿದವರು ಕೇಪ್ ಫ್ಲ್ಯಾಟ್ಸ್‌ನಲ್ಲಿ ಮುದುಕರಾಗುತ್ತಿದ್ದಾಗ ಅವರ ಬೀದಿಯ ಹೆಸರು ಮತ್ತೊಬ್ಬನ ಮನೆಯಲ್ಲಿ ಧೂಳು ತಿನ್ನುತ್ತಿತ್ತು. ಹಾಗೆ ನೋಡಿದರೆ ಅದು ಎರಡನೆಯ ಕಳವು. ಆದರೆ ಒಪ್ಪಿಸುವ ಕ್ಷಣ ಬೇರೆ ತರಹದ್ದು. ‘ಇವು ನನ್ನಲ್ಲಿವೆ’ ಎನ್ನಬೇಕಾದರೆ ‘ಕೆಡವುವಾಗ ನಾನು ಅಲ್ಲಿದ್ದೆ’ ಎಂದೂ ಹೇಳಲೇಬೇಕು. ಫಲಕದ ಜೊತೆ ಅವನು ತನ್ನ ವಿರುದ್ಧದ ಸಾಕ್ಷ್ಯವನ್ನೂ ಕೊಟ್ಟ. ಉಳಿಸಿದ್ದಕ್ಕಿಂತ ಈ ಕೊಡುವಿಕೆಯಲ್ಲೇ ನೈತಿಕ ತೂಕ ಹೆಚ್ಚೆಂದು ನಾನು ನಂಬುತ್ತೇನೆ. ಇದರಿಂದ ಹಳೆಯ ಲೆಕ್ಕ ಚುಕ್ತಾ ಆಯಿತೆಂದಲ್ಲ. ಒಂದು ಮನೆಗೆ ಒಂದು ಫಲಕ ಎಂಬ ವಿನಿಮಯ ದರ ಯಾವ ಪೇಟೆಯಲ್ಲೂ ಇಲ್ಲ.

ಇದೇ ಕಟ್ಟಡದ ಹೊರಗೋಡೆಯ ಮೇಲೆ ಒಂದು ಹಳೆಯ ಫಲಕವಿದೆ. ಹಾದುಹೋಗುವವರಿಗೆ ಅದು ಹೇಳುವುದು ಇಷ್ಟು: ಇಲ್ಲಿಂದ ಹೊರದಬ್ಬಲ್ಪಟ್ಟವರನ್ನು ನಾಚಿಕೆಯಿಂದ ನೆನೆಯಿರಿ. ದುಃಖದಿಂದ ಎಂದು ಬರೆಯಬಹುದಿತ್ತು, ಯಾರೂ ಬೇಸರಪಡುತ್ತಿರಲಿಲ್ಲ. ದುಃಖಕ್ಕೆ ಪಾಲುದಾರಿಕೆ ಬೇಕಿಲ್ಲ, ದೂರದಿಂದ ಬಂದ ನಾನೂ ದುಃಖಪಡಬಲ್ಲೆ. ನಾಚಿಕೆಪಡಬೇಕಾದರೆ ಮಾತ್ರ ಆ ಕೃತ್ಯದೊಡನೆ ಏನಾದರೂ ಸಂಬಂಧವಿರಬೇಕು. ಕೆಡವಿದ ಮೇಲ್ವಿಚಾರಕನಿಗೆ ಆ ಸಂಬಂಧವಿತ್ತು.

ಅಂತಿಮ ಮಾತು ಹೇಳುವ ಹಕ್ಕು ನೆಲದ ಮೇಲಿನ ನಕ್ಷೆಗೆ ಸೇರಿದವರದ್ದು. ಮ್ಯೂಸಿಯಂನ ನೆಲದ ತುಂಬ ಪೇಟೆಯ ದೊಡ್ಡ ನಕ್ಷೆ ಬರೆದಿದ್ದಾರೆ. ಹಳೆಯ ನಿವಾಸಿಗಳು ಬಂದು, ಬಾಗಿ, ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಅವನು ತಂದುಕೊಟ್ಟ ಫಲಕಗಳನ್ನು ಇದೇ ಜಾಗದಲ್ಲಿ ತೂಗುಹಾಕಲು ಒಪ್ಪಿದವರೂ ಅವರೇ. ಅದನ್ನು ಕ್ಷಮೆ ಎಂದು ಕರೆಯಲು ನನಗೆ ಧೈರ್ಯವಿಲ್ಲ. ತಮ್ಮ ವಸ್ತುವನ್ನು ತಾವು ಮರಳಿ ಪಡೆದದ್ದಷ್ಟೇ ಇರಬಹುದು.

2004ರಲ್ಲಿ ಮೊದಲ ಕೆಲವರು ಕಟ್ಟಿದ ಹೊಸ ಮನೆಗಳಿಗೆ ಮರಳಿದರು. ಸರ್ಕಾರ ಜೊನ್ನೆಬ್ಲೂಮ್ ಎಂದು ಬದಲಿಸಿದ್ದ ಹೆಸರು ಮತ್ತೆ ಡಿಸ್ಟ್ರಿಕ್ಟ್ ಸಿಕ್ಸ್ ಆದದ್ದು 2019ರಲ್ಲಿ. ಮನೆಗಾಗಿ ಅರ್ಜಿ ಹಾಕಿ ಕಾಯುತ್ತ ತೀರಿಕೊಂಡವರಿದ್ದಾರೆ. ಮ್ಯೂಸಿಯಂನಿಂದ ಸ್ವಲ್ಪ ಮೇಲೇರಿದರೆ ಹುಲ್ಲು ಬೆಳೆದ ಖಾಲಿ ಇಳಿಜಾರು ಇಂದಿಗೂ ಕಾಣುತ್ತದೆ.