ಓದಲಾರದ ನುಡಿಗೆ ನಮ್ಮ ಹೊಣೆ

ತನ್ನ ಧರ್ಮದ ಕುರುಹುಗಳನ್ನು ಕಾಪಾಡಿಕೊಳ್ಳುವುದು ಮನುಷ್ಯನಿಗೆ ಸಹಜ. ಅದಕ್ಕೆ ಅಭಿಮಾನವೊಂದಿದ್ದರೆ ಸಾಕು. ಆದರೆ ತನ್ನದಲ್ಲದ, ತನಗೆ ಓದಲೂ ಬಾರದ ನುಡಿಯೊಂದು ತನ್ನ ಅಂಗಳದಲ್ಲಿಯೇ ಇದ್ದರೆ ಅದರ ಬಗೆಗೆ ಅವನ ಕರ್ತವ್ಯವೇನು? ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ; ಕೊಪ್ಪಳದ ಬೆಟ್ಟಗಳೇ ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿವೆ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಸದ್ಭಕ್ತರು ಗವಿಸಿದ್ಧೇಶ್ವರನ ದರ್ಶನಕ್ಕೆ ಬರುವ ಗವಿಮಠದ ಬೆಟ್ಟದ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವೊಂದಿದೆ. ಬಂಡೆಗಳ ಮೇಲೆ ಚಪ್ಪಡಿಗಲ್ಲೊಂದು ಪಲ್ಲಕ್ಕಿಯಂತೆ ಕುಳಿತಿರುವ ಪಾಲ್ಕಿಗುಂಡಿನಲ್ಲಿ ಅದರ ಇನ್ನೊಂದು ಪ್ರತಿಯಿದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬರಹಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತೆಂದೂ, ಮೊದಲೊಂದು ವರ್ಷ ತನ್ನ ಸಾಧನೆಯಲ್ಲಿ ತೀವ್ರತೆಯಿರಲಿಲ್ಲವೆಂದೂ, ಸಂಘದ ಸಾಮೀಪ್ಯ ದೊರೆತ ಮೇಲೆ ಅದು ಬಲಿಯಿತೆಂದೂ ಅರಸನು ಅಲ್ಲಿ ಹೇಳಿಕೊಂಡಿದ್ದಾನೆ. ಪ್ರಯತ್ನದ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂಬುದು ಶಾಸನದ ತಿರುಳು.

ಕಾಲಾಂತರದಲ್ಲಿ ಬ್ರಾಹ್ಮಿಯನ್ನು ಓದಬಲ್ಲವರು ಇಲ್ಲವಾದರು. ಕೊಪಣವು ಜೈನರ ಮಹಾತೀರ್ಥವಾಯಿತು. ಸಲ್ಲೇಖನ ವ್ರತ ಹಿಡಿದವರು ಇಲ್ಲಿ ದೇಹವನ್ನು ಬಿಟ್ಟರು. ಮುಂದೆ ಗವಿಯಲ್ಲಿ ಮಠವು ನೆಲೆಗೊಂಡಿತು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವ ದಾರಿಯನ್ನು ತೆರೆದುದು 1837ರಲ್ಲಿ. ಕೊಪ್ಪಳದ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ. ಅಲ್ಲಿಯವರೆಗೂ ಗವಿಮಠದ ಬಂಡೆಯ ಅಕ್ಷರಗಳು ಅಳಿಯದೆ ಉಳಿದವು.

ಇದನ್ನು ಹಿರಿಯರ ಔದಾರ್ಯವೆಂದು ಕೊಂಡಾಡಲು ಮನಸ್ಸು ಬಯಸುತ್ತದೆ. ಆದರೆ ಅರಿಯದೆ ಬಿಟ್ಟುದು ಪುಣ್ಯವಾದೀತೆ? ಭೀಮಾತೀರದ ಸನ್ನತಿಯನ್ನು ನೆನೆಯೋಣ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಜೀರ್ಣೋದ್ಧಾರದ ಕಾಲಕ್ಕೆ, 1989ರಲ್ಲಿ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂತು. ಮೂರ್ತಿಯನ್ನು ನಿಲ್ಲಿಸಲೆಂದು ಅಕ್ಷರಗಳ ನಡುವೆಯೇ ರಂಧ್ರ ಕೊರೆದಿದ್ದರು. ಆ ಕಲ್ಲಿನಲ್ಲಿದ್ದುದು ಅನ್ಯ ಪಂಥಗಳನ್ನೂ ಗೌರವಿಸಬೇಕೆಂದು ಸಾರುವ 12ನೆಯ ಶಾಸನ! ಕೊರೆದವರಲ್ಲಿ ಹಗೆಯಿತ್ತೆನ್ನಲು ಆಧಾರವಿಲ್ಲ. ಅವರಿಗೂ ಅದು ಬರಿಯ ಕಲ್ಲಾಗಿದ್ದಿರಬೇಕು. ಅರಿಯಮಿಯು ಒಂದೆಡೆ ಕಾಯಿತು, ಇನ್ನೊಂದೆಡೆ ಕೆಡಿಸಿತು. ಆದುದರಿಂದ ಅದಕ್ಕೆ ಪುಣ್ಯವನ್ನೂ ಪಾಪವನ್ನೂ ಹೊರಿಸಲಾಗದು. ಹೊಣೆ ಹುಟ್ಟುವುದು ಅರಿವಿನೊಡನೆ.

ನಮಗೆ ಈಗ ಅರಿವಾಗಿದೆ. ಸಣ್ಣವನಿಗೂ ಸಾಧನೆಯ ದಾರಿ ತೆರೆದಿದೆಯೆಂಬ ಮಾತು ಶರಣರನ್ನು ನಂಬಿದವರಿಗೆ ಪರಕೀಯವೆನಿಸದು. ಆದರೂ ನಮ್ಮ ಮಾತನ್ನು ಹೋಲುತ್ತದೆಂಬ ಕಾರಣಕ್ಕಾಗಿಯೇ ಅದನ್ನು ಕಾಯುವುದಾದರೆ, ನಾವು ಕಾಯುವುದು ನಮ್ಮನ್ನೇ ಹೊರತು ಅನ್ಯರನ್ನಲ್ಲ. ಒಪ್ಪಿದ ಮಾತನ್ನು ಉಳಿಸುವುದು ಸುಲಭ. ಒಪ್ಪದ ಮಾತಿಗೂ ಉಳಿಯುವ ಹಕ್ಕುಂಟೆಂದು ಬಗೆಯುವುದು ಧರ್ಮ. ಇದರಿಂದ ಸ್ವಧರ್ಮನಿಷ್ಠೆ ಸಡಿಲವಾಗದು. ನೆರೆಮನೆಯ ದೀಪವನ್ನು ಆರಿಸದವನ ಮನೆಯಲ್ಲಿ ಬೆಳಕು ಕಡಿಮೆಯಾಗುವುದುಂಟೆ?

ಈ ಹೊಣೆ ದೊಡ್ಡ ಕಾರ್ಯಗಳನ್ನು ಬೇಡುವುದಿಲ್ಲ. ಬೆಟ್ಟವೇರಿದವರು ಬಂಡೆಯ ಮೇಲೆ ಹೆಸರು ಗೀಚದಿರಲಿ. ಜೊತೆಗೆ ಬಂದ ಮಕ್ಕಳಿಗೆ ಅಲ್ಲಿ ಬರೆದುದೇನೆಂಬುದನ್ನು ತಿಳಿಯಹೇಳಲಿ. ಅಷ್ಟನ್ನು ಮಾಡಿದರೆ, ಹಿರಿಯರು ಅರಿಯದೆ ಉಳಿಸಿದುದನ್ನು ನಾವು ಅರಿತು ಉಳಿಸಿದಂತಾಗುವುದು.