ಬೆರಳು ನಿಂತ ಕಡೆ

ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗೆ ಬೆಳಗಿನ ಓರೆಬಿಸಿಲು ತಾಕುವ ಹೊತ್ತು. ಜಗತಿಯ ಕಲ್ಲು ಇನ್ನೂ ತಣ್ಣಗಿದೆ. ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಪ್ರದಕ್ಷಿಣೆಗೆ ಹೊರಟಿದ್ದಾರೆ. ಗೋಡೆಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿ, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಮಕರ, ಹಂಸ. ಎಲ್ಲಕ್ಕೂ ಮೇಲೆ ಕೈಲಾಸವನ್ನೆತ್ತುವ ರಾವಣನೂ ಗಜಾಸುರನೊಳಗೆ ನರ್ತಿಸುವ ಶಿವನೂ ಇರುವ ದೊಡ್ಡ ವಿಗ್ರಹಗಳ ಪಂಕ್ತಿ. ಅಜ್ಜಿ ಇವುಗಳಲ್ಲಿ ಒಂದರ ಹೆಸರನ್ನೂ ಹೇಳಲಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೆ ಬಾಗಿ, ಒಂದು ಆನೆಯ ಮುಂದೆ ಬೆರಳು ಹಿಡಿದರು. 'ಇಲ್ನೋಡು ಕಂದ' ಎಂದರು. ಅಷ್ಟೇ. ಇಬ್ಬರೂ ಬಹಳ ಹೊತ್ತು ಅಲ್ಲೇ ನಿಂತರು.

ಆ ಬೆರಳು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಕಾರಣವಿತ್ತು. ನಾವು ಆಗಷ್ಟೇ ಬೆಂಗಳೂರಿನ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಮುಗಿಸಿ ಊರಿಗೆ ಮರಳಿದ್ದೆವು. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಈ ಉತ್ಸವದ ಹದಿನಾರನೆಯ ಆವೃತ್ತಿ 2025ರ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಎಂಟು ದಿನ, ಸುಮಾರು 200 ಚಿತ್ರ. ದಿನಕ್ಕೆ ನಾಲ್ಕರಂತೆ ನೋಡಿದರೂ ಮೂವತ್ತೆರಡು. ಅತ್ಯಂತ ಶ್ರದ್ಧಾವಂತ ಪ್ರೇಕ್ಷಕನಿಗೂ ಕಂಡದ್ದಕ್ಕಿಂತ ಕಾಣದೆ ಹೋದದ್ದೇ ಅಧಿಕ. ಇದು ತಿಳಿದೂ ನಾವು ಧಾವಿಸುತ್ತೇವೆ. ಒಂದು ತೆರೆಯ ಮುಂದಿನಿಂದೆದ್ದು ಇನ್ನೊಂದರ ಸಾಲಿನಲ್ಲಿ ನಿಲ್ಲುತ್ತೇವೆ. ಕಣ್ಣಂಚಿನ ತೇವ ಆರುವ ಮುನ್ನವೇ ಮತ್ತೊಂದು ದೇಶದ ಮಳೆ ಆರಂಭವಾಗುತ್ತದೆ. ಇದನ್ನು ದುರಾಸೆ ಎನ್ನಲು ಮನಸ್ಸಾಗದು. ವರ್ಷಕ್ಕೊಮ್ಮೆ ತೆರೆಯುವ ಬಾಗಿಲ ಮುಂದೆ ಹಸಿದವರು ಅವಸರಪಡುವುದು ಸಹಜ.

ರೈಲು ತುಮಕೂರು, ತಿಪಟೂರು ದಾಟಿ ಅರಸೀಕೆರೆಗೆ ಬರುವಷ್ಟರಲ್ಲಿ ಕಿಟಕಿಯ ತುಂಬ ತೆಂಗಿನ ಸಾಲು. ಮನೆ ಸೇರಿ ಚೀಲ ಇಳಿಸುವ ಮೊದಲೇ ಪ್ರಶ್ನೆ ಕಾದಿರುತ್ತದೆ. ಸಿನಿಮಾ ಹೇಗಿದ್ವು? ಚೆನ್ನಾಗಿದ್ವು ಎನ್ನುತ್ತೇವೆ. ಅಥವಾ ಇಷ್ಟು ನೋಡಿದೆವು ಎಂದು ಲೆಕ್ಕ ಒಪ್ಪಿಸುತ್ತೇವೆ. ಕೆಲವೊಮ್ಮೆ ಉತ್ಸಾಹದಿಂದ ಇಡೀ ಕಥೆಯನ್ನೇ ಮೊದಲಿನಿಂದ ಕೊನೆಯವರೆಗೆ ಸುರಿದುಬಿಡುತ್ತೇವೆ. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ತೀರ್ಪು ಕೊಟ್ಟೆವು, ಪಟ್ಟಿ ಕೊಟ್ಟೆವು, ಕಥೆಯನ್ನೂ ಕೊಟ್ಟೆವು. ಅವರ ಕೈಗೆ ಮಾತ್ರ ಏನೂ ಬಂದಿರುವುದಿಲ್ಲ. ಉತ್ಸವದ ಬಹುತೇಕ ಚಿತ್ರಗಳು ನಮ್ಮೂರಿನ ಟಾಕೀಸಿಗೆ ಎಂದೂ ಬರಲಾರವು. ಮನೆಯಲ್ಲಿ ಉಳಿದವರ ಪಾಲಿಗೆ ನಾವು ಹೇಳಿದಷ್ಟೇ ಸಿನಿಮಾ. ಇದನ್ನು ನೆನೆದಾಗ ನಾಲಿಗೆ ಸ್ವಲ್ಪ ನಿಧಾನವಾಗುತ್ತದೆ.

ಹಿಂದೆ ಈ ಸೀಮೆಯಲ್ಲಿ ಟೆಂಟ್ ಸಿನಿಮಾ ಬಂದಾಗ ಎಲ್ಲರ ಬಳಿಯೂ ಟಿಕೆಟ್ಟಿಗೆ ಕಾಸು ಇರುತ್ತಿರಲಿಲ್ಲ. ನೋಡಿದವನೊಬ್ಬ ಮರುದಿನ ಕಣದಲ್ಲಿ, ಕೆರೆಯ ಏರಿಯ ಮೇಲೆ, ನೋಡದವರಿಗೆ ಹೇಳುತ್ತಿದ್ದ. ಅವನು ಕಥೆಯ ಹಿಂದುಮುಂದನ್ನು ಲೆಕ್ಕಿಸುತ್ತಿರಲಿಲ್ಲ. ತನ್ನನ್ನು ತಾಕಿದ ಗಳಿಗೆ ಬಂದಾಗ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದ. ನಾಯಕಿ ಹೇಗೆ ತಿರುಗಿದಳೆಂದು ತಾನೇ ತಿರುಗಿ ತೋರಿಸುತ್ತಿದ್ದ. ಕೇಳಿದವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಅವನಿಗೆ ವಿಮರ್ಶೆಯ ಪರಿಭಾಷೆ ತಿಳಿದಿರಲಿಲ್ಲ, ಆ ಅಜ್ಜಿಯ ಬೆರಳಿನಂತೆ ಕೊಡುವ ಬಗೆ ತಿಳಿದಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟದ್ದು ಬಹುಶಃ ಕಂಡದ್ದನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ದಾಟಿಸಬಲ್ಲರೆಂಬ ನಂಬಿಕೆಯಿಂದ. ಅಡಿಕೆ ತೋಟದಿಂದ ಬಂದು ಕುಳಿತವರಿಗೂ ದೂರದೇಶದ ದುಃಖ ಅರ್ಥವಾಯಿತು. ಅದರ ಬಗ್ಗೆ ಮಾತನಾಡಲು ಅವರಿಗೆ ಅವರದೇ ಕನ್ನಡ ಸಾಕಾಯಿತು.

ಕಂಡದ್ದನ್ನು ಯಾವಾಗ ಹೇಳಬೇಕು? ನಮ್ಮ ಸೀಮೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಒಂದು ಕಲ್ಲಿನದು, ಒಂದು ಕಾಯಿಯದು. ಬೇಲೂರು, ಹಳೇಬೀಡುಗಳನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ನೆಲದಿಂದ ತೆಗೆದಾಗ ಅದು ಮೃದು. ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿಕೊಂಡಂತೆ ಕಠಿಣವಾಗುತ್ತದೆ. ಆ ಮೃದುತ್ವ ಇದ್ದುದರಿಂದಲೇ ಕಲ್ಲಿನ ಕೊರಳಲ್ಲಿ ಮಣಿಮಣಿಯಾಗಿ ಹಾರ ಮೂಡಿತು. ಚಿತ್ರಮಂದಿರದ ಕತ್ತಲಿನಿಂದ ಹೊರಬಂದ ಗಳಿಗೆಯಲ್ಲಿ ನಮ್ಮ ಮನಸ್ಸೂ ಹೀಗೆಯೇ ಇರುತ್ತದೆ. ಅಸ್ಪಷ್ಟ, ಆರ್ದ್ರ, ಯಾವ ರೂಪಕ್ಕೂ ಸಿದ್ಧ. ಅಷ್ಟರಲ್ಲಿ ಮೊಗಸಾಲೆಯ ಮಾತಿನ ಗಾಳಿ ಬೀಸುತ್ತದೆ. ಅವರಿವರ ಅಭಿಪ್ರಾಯಗಳು ತಾಕುತ್ತವೆ. ನೋಡನೋಡುತ್ತ ಅನುಭವ ಗಟ್ಟಿಯಾಗಿ ಅಭಿಪ್ರಾಯವಾಗುತ್ತದೆ. ಆಮೇಲೆ ಅದರಲ್ಲಿ ಏನನ್ನೂ ಕಡೆಯಲಾಗದು. ಹಾಗಾದರೆ ಕೂಡಲೇ ಹೇಳಿಬಿಡಬೇಕು, ಮೃದುವಾಗಿರುವಾಗಲೇ.

ಅರಸೀಕೆರೆಯ ಕಾಯಿ ಬೇರೆ ಮಾತು ಹೇಳುತ್ತದೆ. ಇಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿ ಅಟ್ಟ ಸೇರುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಒಡೆಯುವುದಿಲ್ಲ. ಒಳಗಿನ ನೀರು ಮೆಲ್ಲನೆ ಇಂಗುತ್ತದೆ. ತಿರುಳು ಕರಟವನ್ನು ತಾನಾಗಿ ಬಿಡುತ್ತದೆ. ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೊಂದು ಸದ್ದು ಕೇಳಿದರೆ ಕೊಬ್ಬರಿ ಆಗಿದೆ ಎಂದರ್ಥ. ಅವಸರಪಟ್ಟು ಒಡೆದರೆ ಅದು ಬರಿಯ ಕಾಯಿ. ಸಿನಿಮಾದಲ್ಲೂ ಇಂಥ ಕಾಯುವಿಕೆ ಉಂಟು. 1950ರಲ್ಲಿ ಕಚೇರಿಯ ಕೆಲಸಕ್ಕೆಂದು ಲಂಡನ್ನಿಗೆ ಹೋದ ಸತ್ಯಜಿತ್ ರಾಯ್ ಅಲ್ಲಿ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ನೋಡಿದರು. ಆ ಚಿತ್ರದಿಂದ ತಮಗೆ ಏನಾಯಿತೆಂಬುದನ್ನು ಅವರು ಪೂರ್ಣವಾಗಿ ಹೇಳಿದ್ದು 1955ರಲ್ಲಿ, 'ಪಥೇರ್ ಪಾಂಚಾಲಿ'ಯ ಮೂಲಕ. ರೋಮ್ ನಗರದ ಸೈಕಲ್ಲು ಬಂಗಾಳದ ಹಳ್ಳಿಗೆ ಬಂದಾಗ ಅದರ ಗುರುತೇ ಉಳಿದಿರಲಿಲ್ಲ. ಹಣದ ಅಭಾವದಿಂದ ಚಿತ್ರೀಕರಣ ಮತ್ತೆ ಮತ್ತೆ ನಿಂತಿತು, ನಿಜ. ಆದರೂ ಆ ಐದು ವರ್ಷಗಳನ್ನು ಅಟ್ಟದ ಮೇಲಿನ ಕಾಲವೆಂದು ಕಾಣಲು ನಮಗೆ ಇಷ್ಟ.

ಕಲ್ಲೋ, ಕಾಯಿಯೋ? ಎರಡರ ಮಾತೂ ಸತ್ಯವೆನಿಸುತ್ತದೆ. ಎರಡಕ್ಕೂ ವೈರಿ ಒಂದೇ, ಅದು ನಮ್ಮ ತೋರಿಸಿಕೊಳ್ಳುವ ಆತುರ. ಹತ್ತು ಜನರ ಮುಂದೆ ನಾವು ನೋಡಿದ್ದು ಸಾಬೀತಾಗಬೇಕೆಂದು ಆಡಿದ ಮಾತು ಬೇಗ ಕಲ್ಲಾಗುತ್ತದೆ. ಒಬ್ಬರ ಪಕ್ಕ ಕುಳಿತು, ಅವರಿಗೆಂದೇ ಮೆಲುದನಿಯಲ್ಲಿ ಆಡಿದ ಮಾತು ಇನ್ನಷ್ಟು ಕಾಲ ಹಸಿಯಾಗಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಉತ್ಸವದಲ್ಲಿ ನಾವು ಮೂವರು ಗೆಳೆಯರು ಒಟ್ಟಿಗೆ ಕುಳಿತು ಅಬ್ಬಾಸ್ ಕಿಯಾರೊಸ್ತಮಿಯವರ 'ಗೆಳೆಯನ ಮನೆ ಎಲ್ಲಿ?' ಚಿತ್ರವನ್ನು ನೋಡಿದ್ದೆವು. ಇರಾನಿನ ಈ ಚಿತ್ರ 1987ರದು. ಕೋಕೆರ್ ಎಂಬ ಹಳ್ಳಿಯ ಹುಡುಗ ಅಹಮದ್. ಪಕ್ಕ ಕುಳಿತ ಗೆಳೆಯನ ನೋಟ್‌ಬುಕ್ಕು ತಪ್ಪಿ ಅವನ ಚೀಲ ಸೇರಿದೆ. ನಾಳೆ ಅದರಲ್ಲೇ ಮನೆಪಾಠ ಬರೆದು ತರದಿದ್ದರೆ ಮೇಷ್ಟ್ರು ಗೆಳೆಯನನ್ನು ಶಾಲೆಯಿಂದ ಹೊರಹಾಕುತ್ತಾರೆ. ಹುಡುಗ ಗುಡ್ಡ ಹತ್ತಿ ಇಳಿದು ಪಕ್ಕದ ಊರಿಗೆ ಓಡುತ್ತಾನೆ. ಕಥೆ ಇಷ್ಟೇ. ಹಿಂದಿರುಗುವ ರೈಲಿನಲ್ಲಿ ಮೂವರ ಬೆರಳೂ ಬೇರೆ ಬೇರೆ ಕಡೆ ನಿಂತಿತು. ಒಬ್ಬರಿಗೆ ಗುಡ್ಡದ ಮೇಲಿನ ಅಂಕುಡೊಂಕಿನ ಹಾದಿ. ಇನ್ನೊಬ್ಬರಿಗೆ, ಕತ್ತಲಾಗುತ್ತಿದ್ದರೂ ಹುಡುಗನ ಜೊತೆ ಮೆಲ್ಲಮೆಲ್ಲನೆ ನಡೆದು ಬರುವ, ತಾನು ಮಾಡಿದ ಬಾಗಿಲುಗಳ ಬಗ್ಗೆ ಹೇಳುತ್ತಲೇ ಇರುವ ಮುದುಕ. ಮೂರನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಆ ಹುಡುಗನ ತಾತನ ಬಗ್ಗೆ ಹೇಳಿದರು. ಸಿಗರೇಟು ತನ್ನ ಬಳಿ ಇದ್ದೂ, ವಿಧೇಯತೆ ಕಲಿಸಲೆಂದೇ ಮಗುವನ್ನು ತರಲು ಕಳಿಸುವ ತಾತ. ಹಾದಿಯನ್ನು ಕಂಡವರು ಮಲೆನಾಡಿನ ಅಂಚಿನಲ್ಲಿ ದಿನವೂ ನಡೆದು ಶಾಲೆಗೆ ಹೋದವರು. ಮುದುಕನನ್ನು ಕಂಡವರ ಮನೆಯಲ್ಲಿ ಆಗ ವಯಸ್ಸಾದ ತಂದೆ ಇದ್ದರು. ಮೂರನೆಯವರ ಬಾಲ್ಯದ ಬಗ್ಗೆ ನಾವು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಕನ್ನಡಿ ಹಿಡಿದ ಶಿಲಾಬಾಲಿಕೆ ಇದ್ದಾಳೆ. ದರ್ಪಣಸುಂದರಿ ಎನ್ನುತ್ತೇವೆ. ನಾವು ಕೆಳಗೆ ನಿಂತು ಕತ್ತೆತ್ತಿ ನೋಡುತ್ತೇವೆ. ಅವಳ ಕನ್ನಡಿಯಲ್ಲಿ ಏನು ಮೂಡಿದೆಯೋ ನಮಗೆ ಕಾಣದು. ಅದನ್ನು ಕಾಣುತ್ತಿರುವ ಅವಳ ಮುಖ ಮಾತ್ರ ಕಾಣುತ್ತದೆ. ಒಂಬತ್ತು ಶತಮಾನಗಳಿಂದ ಜನರಿಗೆ ಅಷ್ಟು ಸಾಕಾಗಿದೆ. ಚಿತ್ರ ನೋಡಿ ಬಂದವರ ಮಾತು ಕೇಳುವಾಗಲೂ ಹೀಗೆಯೇ ಆಗುತ್ತದೆ. ಚಿತ್ರ ನಮಗೆ ಕಾಣದು, ಅದನ್ನು ಕಂಡ ಮುಖ ಕಾಣುತ್ತದೆ. ನಾವಾದರೋ ಆ ಮುಖವನ್ನು ಬಿಟ್ಟು, ಅವರು ನೋಡಿದ್ದು ಸರಿಯೋ ತಪ್ಪೋ ಎಂದು ವಾದಕ್ಕೆ ಇಳಿಯುತ್ತೇವೆ. ನಮ್ಮ ಬೆರಳು ನಿಂತ ಕಡೆಯೇ ಅವರದೂ ನಿಲ್ಲಲೆಂದು ಬಯಸುತ್ತೇವೆ. ಪ್ರಿಯವಾದದ್ದು ಎಲ್ಲರಿಗೂ ಪ್ರಿಯವಾಗಲೆಂಬ ಈ ಆಸೆಯ ಮೂಲದಲ್ಲಿ ಒಂಟಿತನದ ಭಯವಿದೆ. ಅದು ಎಲ್ಲರಲ್ಲೂ ಇದೆ.

ನಮ್ಮ ಚಿತ್ರಗಳೂ ಹೀಗೆ ಪರರ ಕಣ್ಣಿಗೆ ಬೀಳುತ್ತವೆ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಪುನರುಜ್ಜೀವಿತ ಪ್ರತಿ ಪ್ರದರ್ಶನಗೊಂಡಿತು. ಚಿತ್ರ 1977ರದು. ಅದರ ಕೊನೆಯಲ್ಲಿ ಕೇಶಮುಂಡನವಾದ ಯಮುನಕ್ಕ ಒಂಟಿಯಾಗಿ ಕುಳಿತಿದ್ದಾಳೆ, ಊರು ಬಿಟ್ಟು ಹೊರಟ ಹುಡುಗ ನಾಣಿಯ ಕಣ್ಣು ಅವಳ ಮೇಲಿದೆ. ವೆನಿಸ್ಸಿನ ಆ ಪ್ರದರ್ಶನದಿಂದ ಎದ್ದುಹೋದವರು ತಮ್ಮ ಮನೆಯವರಿಗೆ ಏನು ಹೇಳಿರಬಹುದು? ಮಲೆನಾಡು ಅವರಿಗೆ ತಿಳಿಯದು, ಬದುಕಿರುವವರನ್ನೇ ಸತ್ತರೆಂದು ಹೊರಹಾಕುವ ಘಟಶ್ರಾದ್ಧವೆಂಬ ವಿಧಿಯೂ ತಿಳಿಯದು. ಪರದೇಶದ ಯಾವುದೋ ಅಡುಗೆಮನೆಯಲ್ಲಿ ಯಾರೋ ಒಬ್ಬರು ನಮ್ಮ ಯಮುನಕ್ಕನನ್ನು ತಮ್ಮ ಭಾಷೆಯಲ್ಲಿ, ತಮಗೆ ಕಂಡಂತೆ ಇನ್ನೊಬ್ಬರಿಗೆ ತೋರಿಸಿದ್ದಾರೆಂದು ನೆನೆದರೆ ಕೃತಜ್ಞತೆ ಮೂಡುತ್ತದೆ. ಅವರು ತಪ್ಪಾಗಿ ಹೇಳಿದ್ದರೂ ಸರಿಯೇ.

ಕಿಯಾರೊಸ್ತಮಿಯ ಹುಡುಗನಿಗೆ ಕೊನೆಗೂ ಗೆಳೆಯನ ಮನೆ ಸಿಗುವುದಿಲ್ಲ. ನೋಟ್‌ಬುಕ್ಕಿನೊಂದಿಗೆ ಹಾಗೇ ಮರಳುತ್ತಾನೆ. ರಾತ್ರಿ ಕುಳಿತು ಗೆಳೆಯನ ಪಾಠವನ್ನು ತಾನೇ ಬರೆಯುತ್ತಾನೆ. ಬೆಳಿಗ್ಗೆ ಮೇಷ್ಟ್ರು ಪುಟ ತೆರೆದಾಗ ಅದರ ನಡುವೆ ಮುದುಕ ಕೊಟ್ಟಿದ್ದ ಪುಟ್ಟ ಹೂವಿದೆ. ಉತ್ಸವದಿಂದ ಮರಳುವ ನಾವೂ ಚಿತ್ರವನ್ನು ಮನೆಯವರೆಗೆ ತರಲಾರೆವು. ಆದ್ದರಿಂದ ಮನೆಯಲ್ಲಿ ಉಳಿದವರ ಪುಟದಲ್ಲಿ ನಮ್ಮ ಅಕ್ಷರದಿಂದ ಬರೆಯುತ್ತೇವೆ. ಅಕ್ಷರ ಚಿತ್ರ ಮಾಡಿದವರದಲ್ಲ. ಬರೆದ ಕೈಯ ಪ್ರೀತಿ ಮಾತ್ರ ನಿಜ.

ಹಳೇಬೀಡಿನಿಂದ ಮರಳಿದ ಆ ಸಂಜೆ ಅವ್ವ ಜಗುಲಿಯ ಮೇಲೆ ಕೊಬ್ಬರಿಯ ಕರಟ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ಈ ಸಲ ನೋಡಿದ ಚಿತ್ರಗಳನ್ನೆಲ್ಲ ಬದಿಗಿಟ್ಟು, ಕಿಯಾರೊಸ್ತಮಿಯ ಆ ಹಳೆಯ ಚಿತ್ರದ ಒಂದೇ ರಾತ್ರಿಯ ದೃಶ್ಯವನ್ನು ಹೇಳಿದೆವು. ಹುಡುಗ ಗುಡ್ಡ ಇಳಿದು ಬಂದ, ಮನೆ ಸಿಗಲಿಲ್ಲ, ಕುಳಿತು ಬರೆದ. ಅವ್ವನ ಕೈ ನಿಂತಿತು.

'ಆ ಹೈದ ಉಂಡ್ನಾ?' ಎಂದಳು.

ನಾವು ಮೂವರೂ ಆ ರೈಲಿನಲ್ಲಿ ಎಷ್ಟೆಲ್ಲ ಮಾತನಾಡಿದ್ದೆವು. ಇದು ಯಾರಿಗೂ ಹೊಳೆದಿರಲಿಲ್ಲ. ಮೆಲ್ಲನೆ ನೆನಪಾಯಿತು. ಅವನು ಊಟ ಬೇಡ ಎಂದಿದ್ದ. ತಾಯಿ ಊಟವನ್ನು ಅವನಿದ್ದಲ್ಲಿಗೇ ತಂದಿಟ್ಟಿದ್ದಳು. ಅವನು ಬರೆಯುತ್ತಲೇ ಇದ್ದ. ಗಾಳಿಗೆ ಬಾಗಿಲು ತೆರೆದುಕೊಂಡಿತ್ತು, ಹೊರಗೆ ಒಣಹಾಕಿದ ಬಟ್ಟೆ ಹಾರಾಡುತ್ತಿತ್ತು. ಉಂಡದ್ದು ನಮಗೆ ನೆನಪಿಲ್ಲ ಎಂದೆವು.

'ಉಂಡಿರ್ತಾನೆ ಬಿಡು' ಎಂದು ಅವ್ವ ಇನ್ನೊಂದು ಕಾಯಿ ತೆಗೆದುಕೊಂಡು ಕಿವಿಯ ಬಳಿ ಅಲ್ಲಾಡಿಸಿ ನೋಡಿದಳು.